ಭಕ್ತಿಯಲ್ಲಿ ನಗೆಯ ಬೆಲೆ

ಬೆಟ್ಟ ಹತ್ತಿ ದೇವರ ದರ್ಶನಕ್ಕೆ ಬರುವವರಲ್ಲಿ ಬಹಳ ಮಂದಿಗೆ ಒಂದು ಅಳುಕು ಇರುತ್ತದೆ. ಸನ್ನಿಧಿಯಲ್ಲಿ ನಗಬಾರದು, ನಕ್ಕರೆ ಅಪಚಾರ ಎಂಬುದೇ ಆ ಅಳುಕು. ಸಾಲಿನಲ್ಲಿ ನಿಂತ ಮಗು ಆಂಜನೇಯನ ಬಾಲ ನೋಡಿ ಕಿಲಕಿಲ ಅಂದರೆ ಸಾಕು, "ಸುಮ್ನಿರೋ, ದೇವ್ರು ಕಣ್ಣು ಚುಚ್ತಾನೆ" ಎಂದು ಅಜ್ಜಿ ಗದರುತ್ತಾರೆ. ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಆದರೆ ಅಂದಿನಿಂದ ಆ ಮಗುವಿನ ಪಾಲಿಗೆ ದೇವರು ಅಂದರೆ ಕಣ್ಣು ಚುಚ್ಚುವವನು ಅಂತಲೇ ಆಗಿಬಿಡುತ್ತದೆ.

ದೇವರಲ್ಲಿ ಭಯ ಇರಬೇಕು, ನಿಜ. ಆದರೆ ಭಯವೊಂದೇ ಇದ್ದರೆ ಅದು ಭಕ್ತಿ ಆಗುವುದಿಲ್ಲ. ಪೊಲೀಸಪ್ಪನ ಮುಂದೆ ಕೈ ಕಟ್ಟಿ ನಿಲ್ಲುವವನಿಗೂ ಭಯ ಇರುತ್ತದೆ, ಅದನ್ನು ಯಾರೂ ಭಕ್ತಿ ಅನ್ನುವುದಿಲ್ಲ. ಪ್ರೀತಿ ಇರುವ ಕಡೆ ಸಲಿಗೆ ಇರುತ್ತದೆ, ಸಲಿಗೆ ಇರುವ ಕಡೆ ನಗೆ ಇರುತ್ತದೆ. ಹಾಗಾದರೆ ಧರ್ಮದಲ್ಲಿ, ಸಾಧನೆಯಲ್ಲಿ ನಗೆಗೆ ಏನು ಸ್ಥಾನ? ಯಾವ ನಗೆ ಪುಣ್ಯದ್ದು, ಯಾವ ನಗೆ ಪಾಪದ್ದು? ಯಾತ್ರೆಗೆ ಬಂದವರು ಸ್ವಲ್ಪ ಹೊತ್ತು ಯೋಚಿಸಬೇಕಾದ ವಿಷಯ ಇದು.

ಬೂದಿಯ ಬಣ್ಣ, ನಗೆಯ ಬಣ್ಣ

ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಗೆ ಆ ಹೆಸರು ಬಂದದ್ದು ವಿಭೂತಿಯಿಂದ ಎಂದು ಹೇಳುತ್ತಾರೆ. ಹಿಂದೆ ಇಲ್ಲಿ ಋಷಿಗಳು ದೊಡ್ಡ ದೊಡ್ಡ ಯಾಗಗಳನ್ನು ಮಾಡಿದರಂತೆ, ಆ ಯಾಗದ ಬೂದಿಯೇ ಊರಿನ ಹೆಸರಾಯಿತಂತೆ. ಚರಿತ್ರೆಯಲ್ಲಿ ಹೈದರ್ ಅಲಿ ಹುಟ್ಟಿದ ಊರೆಂದು ಬೂದಿಕೋಟೆ ಪ್ರಸಿದ್ಧ. ಭಕ್ತರ ಬಾಯಲ್ಲಿ ಮಾತ್ರ ಅದು ವಿಭೂತಿಯ ಕೋಟೆ.

ವಿಭೂತಿಯ ಬಣ್ಣ ಬಿಳುಪು. ನಗೆಯ ಬಣ್ಣವೂ ಬಿಳುಪೇ ಎಂದರೆ ಅನೇಕರಿಗೆ ಆಶ್ಚರ್ಯವಾಗಬಹುದು. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಎಂಟು ರಸಗಳನ್ನು ಹೇಳಿದೆ. ಒಂದೊಂದು ರಸಕ್ಕೂ ಒಂದು ಬಣ್ಣ, ಒಬ್ಬ ಅಧಿದೇವತೆ ಉಂಟು. ಶೃಂಗಾರಕ್ಕೆ ವಿಷ್ಣು ದೇವತೆ, ಬಣ್ಣ ಶ್ಯಾಮ. ಹಾಸ್ಯರಸಕ್ಕೆ ಬಿಳಿಯ ಬಣ್ಣ, ದೇವತೆಗಳು ಪ್ರಮಥರು. ಪ್ರಮಥರು ಅಂದರೆ ಬೇರೆ ಯಾರೂ ಅಲ್ಲ, ಮೈತುಂಬ ಬೂದಿ ಬಳಿದುಕೊಂಡ ಪರಶಿವನ ಗಣಗಳೇ. ಕೈಲಾಸದಲ್ಲಿ ಶಿವನ ಸುತ್ತ ಕುಣಿಯುವವರು, ವಿಕಾರ ರೂಪದವರು, ಒಬ್ಬರನ್ನೊಬ್ಬರು ನೋಡಿ ನಗುವವರು. ನಗೆ ಶಿವನಿಗೆ ದೂರದ್ದಲ್ಲ, ಅವನ ಮನೆಯ ಅಂಗಳದ್ದು ಎಂಬುದು ಇದರಿಂದ ತಿಳಿಯುತ್ತದೆ.

ಅದೇ ಶಾಸ್ತ್ರ ನಗೆಯಲ್ಲಿ ಆರು ಬಗೆ ಹೇಳುತ್ತದೆ. ಹಲ್ಲು ಕಾಣದಂತೆ ಕೆನ್ನೆ ಅರಳುವ ಸ್ಮಿತ, ಹಲ್ಲು ತುಸು ಕಾಣುವ ಹಸಿತ, ಇವೆರಡೂ ಉತ್ತಮರ ನಗೆ. ವಿಹಸಿತ, ಉಪಹಸಿತ ಮಧ್ಯಮರವು. ಅಪಹಸಿತ, ಅತಿಹಸಿತ ಅಧಮರವು. ದೇವರ ವಿಗ್ರಹಗಳನ್ನು ಗಮನಿಸಿದರೆ ತುಟಿಯಂಚಿನಲ್ಲಿ ಸಣ್ಣ ನಗೆ ಇರುವುದು ಕಾಣುತ್ತದೆ. ಅದು ಸ್ಮಿತ. ದೇವರೇ ನಗುತ್ತಾ ಕೂತಿರುವಾಗ ಭಕ್ತರು ಮುಖ ಗಂಟಿಕ್ಕಿಕೊಂಡು ನಿಲ್ಲಬೇಕೆ?

ತ್ರಿಪುರವನ್ನು ಸುಟ್ಟ ನಗೆ

ಶಿವನ ನಗೆಯ ಬಗ್ಗೆ ದಕ್ಷಿಣದ ಶೈವರಲ್ಲಿ ಒಂದು ಕಥೆ ಇದೆ. ತಮಿಳುನಾಡಿನ ಪಣ್ರುಟ್ಟಿ ಹತ್ತಿರದ ತಿರುವದಿಗೈ ಕ್ಷೇತ್ರದ ಮಹಿಮೆಯಾಗಿ ಇದನ್ನು ಹೇಳುತ್ತಾರೆ. ತ್ರಿಪುರಾಸುರರ ಮೂರು ಪಟ್ಟಣಗಳನ್ನು ನಾಶಮಾಡಲು ಶಿವ ಹೊರಟ. ಭೂಮಿಯೇ ರಥವಾಯಿತು. ಸೂರ್ಯಚಂದ್ರರು ಚಕ್ರಗಳಾದರು. ಬ್ರಹ್ಮ ಸಾರಥಿ, ಮೇರುಪರ್ವತ ಬಿಲ್ಲು, ವಾಸುಕಿ ಹೆದೆ, ವಿಷ್ಣುವೇ ಬಾಣ. ಇಷ್ಟೆಲ್ಲ ಆದ ಮೇಲೆ ದೇವತೆಗಳ ಮನಸ್ಸಿನಲ್ಲಿ ಒಂದು ಆಲೋಚನೆ ಸುಳಿಯಿತು. "ನಾನಿಲ್ಲದೆ ಶಿವನಿಗೆ ಈ ಕೆಲಸ ಆಗುತ್ತಿರಲಿಲ್ಲ" ಎಂದು ಪ್ರತಿಯೊಬ್ಬರೂ ಒಳಗೊಳಗೇ ಬೀಗಿದರು.

ಶಿವ ಅದನ್ನು ತಿಳಿದ. ಬೈಯಲಿಲ್ಲ, ಶಾಪ ಕೊಡಲಿಲ್ಲ. ಸುಮ್ಮನೆ ನಕ್ಕ. ಆ ನಗೆಗೇ ಮೂರು ಪಟ್ಟಣಗಳೂ ಉರಿದು ಬೂದಿಯಾದವು. ಬಿಲ್ಲು ಬಾಣ ಕೈಯಲ್ಲೇ ಉಳಿದವು. ರಥ ನಿಂತಲ್ಲೇ ನಿಂತಿತ್ತು. ದೇವತೆಗಳು ತಲೆ ತಗ್ಗಿಸಿದರು.

ಮೂರು ಪುರಗಳೆಂದರೆ ಆಣವ, ಮಾಯೆ, ಕರ್ಮ ಎಂಬ ಮೂರು ಮಲಗಳು ಎಂದು ತಿಳಿದವರು ಅರ್ಥ ಹೇಳುತ್ತಾರೆ. ಆಣವ ಅಂದರೆ "ನಾನು" ಎಂಬುದು. ಕಥೆಯ ಸೂಕ್ಷ್ಮ ಇರುವುದು ಇಲ್ಲಿಯೇ. ಆ ಒಂದು ನಗೆಗೆ ಸುಟ್ಟದ್ದು ಅಸುರರ ಊರು ಮಾತ್ರವಲ್ಲ, ದೇವತೆಗಳ ಅಹಂಕಾರವೂ ಸುಟ್ಟಿತು. ಕೆಟ್ಟವರ ಅಹಂಕಾರ ಎಲ್ಲರ ಕಣ್ಣಿಗೂ ಬೀಳುತ್ತದೆ. ಒಳ್ಳೆಯವರ ಅಹಂಕಾರ, ಭಕ್ತರ ಅಹಂಕಾರ ಅಷ್ಟು ಸುಲಭವಾಗಿ ಕಾಣುವುದಿಲ್ಲ. "ನಾನು ನೂರು ಸಲ ಬೆಟ್ಟ ಹತ್ತಿದವನು", "ನಾನು ಇಷ್ಟು ಕಾಣಿಕೆ ಹಾಕಿದವನು" ಎಂಬುದು ಭಕ್ತಿಯ ವೇಷದಲ್ಲಿ ಬಂದು ಕೂರುತ್ತದೆ. ಅದನ್ನು ಉಪದೇಶದಿಂದ ಕೀಳುವುದು ಕಷ್ಟ. ಒಂದು ನಗೆ ಸಾಕು, ಉದುರಿ ಹೋಗುತ್ತದೆ.

ದೇವರನ್ನೇ ಛೇಡಿಸುವ ಭಕ್ತರು

ಕೋಲಾರ ಸೀಮೆಯಲ್ಲಿ ತಿಮ್ಮಪ್ಪನ ಒಕ್ಕಲು ಬಹಳ. ತಿರುಪತಿಗೆ ಹೋಗಲಾಗದವರು ಬಂಗಾರು ತಿರುಪತಿಗೆ ಹೋಗಿ ಬರುತ್ತಾರೆ. ಈ ತಿಮ್ಮಪ್ಪನಿಗೆ ತೆಲುಗರು ಇಟ್ಟ ಒಂದು ಹೆಸರು "ವಡ್ಡಿಕಾಸುಲವಾಡು", ಅಂದರೆ ಬಡ್ಡಿಕಾಸಿನವನು. ಮದುವೆಗಾಗಿ ಕುಬೇರನ ಹತ್ತಿರ ಸಾಲ ಮಾಡಿದ, ಇನ್ನೂ ಬಡ್ಡಿ ಕಟ್ಟುತ್ತಲೇ ಇದ್ದಾನೆ, ಅದಕ್ಕೇ ಹುಂಡಿಯ ಮೇಲೆ ಕಣ್ಣು ಎಂದು ಭಕ್ತರು ನಗುತ್ತಾರೆ. ನಗುತ್ತಲೇ ಹುಂಡಿಗೆ ಮುಡಿಪು ಹಾಕುತ್ತಾರೆ. ಸಾಲ ಮಾಡಿ ಮಗಳ ಮದುವೆ ಮಾಡಿದ ರೈತನಿಗೆ ಈ ದೇವರ ಕಷ್ಟ ಅರ್ಥವಾಗುತ್ತದೆ. "ನಂಗೂ ಸಾಲ ಐತೆ, ನಿಂಗೂ ಸಾಲ ಐತೆ, ಇಬ್ರೂ ತೀರಿಸ್ಕೊಳ್ಳಾಣ ಬಿಡಪ್ಪಾ" ಎಂದು ಹೇಳುವವನ ಮಾತಿನಲ್ಲಿ ಅಪಚಾರ ಇಲ್ಲ, ನೆಂಟಸ್ತಿಕೆ ಇದೆ.

ತಿರುಮಲೆಯಲ್ಲಿ ವೈಕುಂಠ ಏಕಾದಶಿಯ ನಂತರ ಪ್ರಣಯ ಕಲಹ ಎಂಬ ಉತ್ಸವ ನಡೆಯುತ್ತದೆ. ಸ್ವಾಮಿಯ ಮೇಲೆ ಅಮ್ಮನವರು ಮುನಿಸಿಕೊಂಡು ಹೂವಿನ ಚೆಂಡುಗಳನ್ನು ಎಸೆಯುತ್ತಾರೆ. ಸ್ವಾಮಿ ಹಿಂದೆ ಸರಿಯುತ್ತಾನೆ, ತಪ್ಪಿಸಿಕೊಳ್ಳುತ್ತಾನೆ. ನೋಡುವ ಭಕ್ತರಿಗೆ ನಗು ತಡೆಯುವುದಿಲ್ಲ. ಗಂಡಹೆಂಡಿರ ಜಗಳವನ್ನು ದೇವಸ್ಥಾನದ ಉತ್ಸವವನ್ನಾಗಿ ಮಾಡಿದ ಹಿರಿಯರಿಗೆ ನಗೆಯ ಬೆಲೆ ಗೊತ್ತಿತ್ತು.

ದೇವರನ್ನು ಬೈಯುವಂತೆ ಹೊಗಳುವುದಕ್ಕೆ ನಿಂದಾಸ್ತುತಿ ಎಂದು ಹೆಸರು. ಹರಿದಾಸರು, ಶಿವಕವಿಗಳು ಇಬ್ಬರೂ ಈ ದಾರಿ ಹಿಡಿದವರೇ. ಮೈಗೆಲ್ಲ ಬೂದಿ, ಕೊರಳಲ್ಲಿ ಹಾವು, ಇರುವುದಕ್ಕೆ ಸ್ಮಶಾನ, ತಿರಿದು ತಿನ್ನುವ ಗಂಡ, ಇವನನ್ನು ಹೇಗಮ್ಮಾ ಮೆಚ್ಚಿದೆ ಎಂದು ಪಾರ್ವತಿಯನ್ನು ಕೇಳುವ ಹಾಡುಗಳು ಹೆಂಗಸರ ಬಾಯಲ್ಲಿ ಎಷ್ಟೋ ಇವೆ. ಬೈಗುಳ ಅನ್ನಿಸುವ ಆ ಮಾತುಗಳೆಲ್ಲ ಸೇರಿ ಶಿವನ ವೈರಾಗ್ಯದ ವರ್ಣನೆಯೇ ಆಗಿಬಿಡುತ್ತದೆ.

ತೆನಾಲಿ ರಾಮಕೃಷ್ಣನ ಕಥೆ ಎಲ್ಲರೂ ಕೇಳಿರುವುದೇ. ಕಾಳಿ ಸಾವಿರ ಮುಖಗಳಿಂದ ಪ್ರತ್ಯಕ್ಷಳಾದಾಗ ಅವನು ಹೆದರುವ ಬದಲು ನಕ್ಕುಬಿಟ್ಟ. ಯಾಕೋ ನಗುತ್ತೀ ಎಂದು ಅಮ್ಮ ಗದರಿದಳು. "ಅಮ್ಮಾ, ನನಗಿರೋದು ಒಂದೇ ಮೂಗು. ನೆಗಡಿ ಬಂದರೆ ಎರಡು ಕೈಯೂ ಸಾಲದು. ನಿನಗೆ ಸಾವಿರ ಮೂಗು, ನೆಗಡಿ ಬಂದ್ರೆ ಏನು ಮಾಡ್ತೀಯ ತಾಯಿ?" ಎಂದ. ಕಾಳಿಗೂ ನಗು ಬಂತು. ವಿಕಟಕವಿಯಾಗು ಎಂದು ವರ ಕೊಟ್ಟಳು. ಆ ಹೆಸರನ್ನು ಹಿಂದಿನಿಂದ ಓದಿದರೂ ವಿಕಟಕವಿ ಎಂದೇ ಆಗುತ್ತದೆ. ಅವನು ಕೇಳಿದ್ದು ಮಗನೊಬ್ಬ ತಾಯಿಯನ್ನು ಕೇಳುವಂಥ ಪ್ರಶ್ನೆ. ನಿನಗೆ ತೊಂದರೆ ಆಗುವುದಿಲ್ಲವೇ ಎಂಬ ಕಾಳಜಿ ಆ ತಮಾಷೆಯ ಹೊಟ್ಟೆಯಲ್ಲಿದೆ. ಅಮ್ಮ ಮೆಚ್ಚಿದ್ದು ಅದಕ್ಕೆ.

ರಾಗಿಗೂ ಭತ್ತಕ್ಕೂ ಜಗಳ

ನಗೆಯಿಂದ ಧರ್ಮದ ಮಾತನ್ನೂ ಹೇಳಬಹುದು, ನ್ಯಾಯವನ್ನೂ ಹೇಳಬಹುದು. ಇದಕ್ಕೆ ಕನಕದಾಸರ ರಾಮಧಾನ್ಯ ಚರಿತೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 16ನೇ ಶತಮಾನದ ಈ ಕಾವ್ಯದಲ್ಲಿ ರಾಗಿಗೂ ಭತ್ತಕ್ಕೂ ಜಗಳ. ಜಗಳ ನಡೆಯುವುದು ಸಾಕ್ಷಾತ್ ಶ್ರೀರಾಮನ ಮುಂದೆ. ರಾಗಿಗೆ ಕನಕದಾಸರು ಇಟ್ಟ ಹೆಸರು ನರೆದಲೆಗ, ಅಂದರೆ ತಲೆ ನರೆತವನು. ನಾನು ದೊಡ್ಡವರ ಊಟ, ದೇವರ ನೈವೇದ್ಯ, ನೀನು ಕೀಳು ಎಂದು ಭತ್ತ ಜಂಬ ಕೊಚ್ಚುತ್ತದೆ. ನೀನು ಶ್ರೀಮಂತರ ಪಕ್ಷ, ಬಡವರನ್ನು ಕಾಪಾಡುವುದು ನಾನು ಎಂದು ರಾಗಿ ತಿರುಗಿ ಬೀಳುತ್ತದೆ.

ರಾಮ ಏನು ಮಾಡಿದ? ಎರಡನ್ನೂ ಆರು ತಿಂಗಳು ಸೆರೆಗೆ ಹಾಕಿಸಿದ! ಆರು ತಿಂಗಳ ಮೇಲೆ ತೆಗೆಸಿ ನೋಡಿದರೆ ಭತ್ತ ಸೊರಗಿ ಹೋಗಿತ್ತು, ರಾಗಿ ಹೋದ ಹಾಗೇ ಗಟ್ಟಿಯಾಗಿ ಬಂತು. ರಾಮ ಮೆಚ್ಚಿ ತನ್ನ ರಾಘವ ಎಂಬ ಹೆಸರನ್ನೇ ರಾಗಿಗೆ ಕೊಟ್ಟ. ಭತ್ತವನ್ನೂ ಸಮಾಧಾನಪಡಿಸಿದ.

ಕೇಳಿದರೆ ನಗು ಬರುತ್ತದೆ. ನಕ್ಕು ಮುಗಿದ ಮೇಲೆ ಮಾತು ಒಳಗೆ ಇಳಿಯುತ್ತದೆ. ಯಾರ ಊಟ ಮೇಲು, ಯಾರ ಹುಟ್ಟು ಮೇಲು ಎಂದು ಕಾದಾಡುವವರಿಗೆ ಕನಕದಾಸರು ನೇರವಾಗಿ ಬುದ್ಧಿ ಹೇಳಿದ್ದರೆ ಕೇಳುವವರು ಎದ್ದು ಹೋಗುತ್ತಿದ್ದರು. ರಾಗಿ ಭತ್ತಕ್ಕೆ ಬಾಯಿ ಕೊಟ್ಟದ್ದರಿಂದ ಕೂತು ಕೇಳಿದರು. ಮುದ್ದೆ ಉಂಡು ಬೆಳೆದ ಕೋಲಾರ ಸೀಮೆಯವರಿಗೆ ಈ ಕಥೆಯ ರುಚಿ ಬೇರೆಯೇ.

ಅದಕ್ಕಿಂತ ನಾಲ್ಕು ಶತಮಾನ ಮೊದಲು, 12ನೇ ಶತಮಾನದಲ್ಲಿ, ಬಸವಣ್ಣನವರೂ ಈ ದಾರಿಯಲ್ಲಿ ನಡೆದವರು. ಕಲ್ಲಿನ ಹಾವಿಗೆ ಹಾಲೆರೆಯುವವರು ನಿಜವಾದ ಹಾವು ಬಂದರೆ ದೊಣ್ಣೆ ಹುಡುಕುತ್ತಾರೆ, ಉಣ್ಣದ ದೇವರಿಗೆ ಎಡೆ ಇಡುವವರು ಹಸಿದು ಬಂದವನನ್ನು ಅಟ್ಟುತ್ತಾರೆ ಎಂಬ ಅರ್ಥದ ಅವರ ವಚನ ನಾಡಿಗೆಲ್ಲ ಗೊತ್ತು. ಅದನ್ನು ಓದುವವರಿಗೆ ಮೊದಲು ನಗು ಬರುತ್ತದೆ, ಆಮೇಲೆ ತಾನೂ ಹಾಗೇ ಮಾಡಿದ್ದು ನೆನಪಾಗಿ ನಾಚಿಕೆ ಆಗುತ್ತದೆ. ಆ ನಾಚಿಕೆಯೇ ಪ್ರಾಯಶ್ಚಿತ್ತದ ಮೊದಲ ಮೆಟ್ಟಿಲು.

ಕೋಡಂಗಿಯೂ ಕಿಳ್ಳೇಕ್ಯಾತನೂ

ಜಾತ್ರೆಯ ರಾತ್ರಿ ಆಟ ಕಟ್ಟುವುದು ಹಳೆಯ ಪದ್ಧತಿ. ಮೂಡಲಪಾಯದ ಬಯಲಾಟಕ್ಕೆ ಕೋಲಾರದ ಕಡೆ ಕೇಳಿಕೆ ಎಂಬ ಹೆಸರಿದೆ. ರಾಮಾಯಣ, ಭಾರತದ ಕಥೆಗಳನ್ನು ಬೆಳಗಿನ ತನಕ ಆಡುತ್ತಾರೆ. ಅದರಲ್ಲಿ ಕೋಡಂಗಿ ಇರಲೇಬೇಕು. ಕಿರೀಟ ಹೊತ್ತ ರಾಜ ಆರ್ಭಟಿಸಿಕೊಂಡು ಬಂದರೆ, "ಯಾರಪ್ಪಾ ನೀನು? ಎಲ್ಲಿಂದ ಬಂದೆ?" ಎಂದು ಕೇಳುವ ಧೈರ್ಯ ಇಂಥ ಹಾಸ್ಯದ ವೇಷಕ್ಕೆ ಮಾತ್ರ ಉಂಟು. ತೊಗಲುಗೊಂಬೆಯಾಟದಲ್ಲಿ ಈ ಕೆಲಸ ಕಿಳ್ಳೇಕ್ಯಾತನದು, ಅವನ ಜೊತೆಗೆ ಬಂಗಾರಕ್ಕ. ರಾಮ ರಾವಣರ ಯುದ್ಧದ ನಡುವೆ ಇವರಿಬ್ಬರೂ ಬಂದು ಊರಿನ ಸುದ್ದಿ ಆಡಿ, ಜಗಳ ಆಡಿ, ಜನರನ್ನು ನಗಿಸಿ ಹೋಗುತ್ತಾರೆ.

ಇದು ಬರೀ ನಿದ್ದೆ ಹೋಗಲಾಡಿಸುವ ಉಪಾಯವಲ್ಲ. ದೇವರ ಕಥೆ ಎತ್ತರದಲ್ಲಿ ನಡೆಯುತ್ತದೆ, ಕೂತು ನೋಡುವವನು ನೆಲದ ಮೇಲಿರುತ್ತಾನೆ. ನಡುವೆ ಏಣಿಯಾಗಿ ನಿಲ್ಲುವವನು ಕೋಡಂಗಿ. ಅವನು ಕೇಳುವ ದಡ್ಡ ಪ್ರಶ್ನೆಯೇ ನೋಡುವವರ ಮನಸ್ಸಿನ ಪ್ರಶ್ನೆ. ಹರಿಕಥೆ ದಾಸರು ಕಥೆ ನಿಲ್ಲಿಸಿ ಉಪಕಥೆ ಹೇಳಿ ನಗಿಸುವುದೂ ಇದಕ್ಕೇ. ನಕ್ಕಾಗ ಮನಸ್ಸಿನ ಬಾಗಿಲು ತೆರೆಯುತ್ತದೆ, ಆಗ ಹೇಳಿದ ಮಾತು ಒಳಗೆ ಹೋಗುತ್ತದೆ.

ತನ್ನನ್ನು ನೋಡಿ ತಾನೇ ನಕ್ಕವರು

ನಗೆಯಲ್ಲಿ ಎಲ್ಲಕ್ಕಿಂತ ಶ್ರೇಷ್ಠವಾದದ್ದು ತನ್ನ ಬಗ್ಗೆ ತಾನೇ ನಗುವುದು. ಪುರಂದರದಾಸರು ಪೂರ್ವಾಶ್ರಮದಲ್ಲಿ ನವಕೋಟಿ ನಾರಾಯಣ ಎನ್ನಿಸಿಕೊಂಡ ಜಿಪುಣ ಸಾಹುಕಾರ ಎಂದು ಸಂಪ್ರದಾಯ ಹೇಳುತ್ತದೆ. ಹೆಂಡತಿಯ ಮೂಗುತಿಯ ನೆಪದಿಂದ ಕಣ್ಣು ತೆರೆಯಿತು. ಆಮೇಲೆ ಅವರು ತಮ್ಮ ಹಳೆಯ ಬಾಳನ್ನು ಮುಚ್ಚಿಡಲಿಲ್ಲ. ಹಾಡು ಕಟ್ಟಿ, ಊರೂರು ತಿರುಗಿ, ಎಲ್ಲರೆದುರು ಅದನ್ನೇ ಹೇಳಿ ನಕ್ಕರು. ಮುಚ್ಚಿಟ್ಟ ತಪ್ಪು ಒಳಗೇ ಕೊಳೆಯುತ್ತದೆ, ನಕ್ಕು ಹೇಳಿಕೊಂಡ ತಪ್ಪು ಗೊಬ್ಬರವಾಗುತ್ತದೆ.

ಕೋಲಾರ ಜಿಲ್ಲೆಯವರೇ ಆದ ಡಿ.ವಿ.ಜಿ. ಅವರನ್ನು ಇಲ್ಲಿ ನೆನೆಯಬೇಕು. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಅವರು 1943ರಲ್ಲಿ ಪ್ರಕಟಿಸಿದ ಗ್ರಂಥ ಮಂಕುತಿಮ್ಮನ ಕಗ್ಗ. ವೇದಾಂತದ ಸಾರವನ್ನೆಲ್ಲ ತುಂಬಿದ ಆ ಗ್ರಂಥಕ್ಕೆ ಅವರು ಯಾವ ಗಂಭೀರವಾದ ಹೆಸರನ್ನು ಬೇಕಾದರೂ ಇಡಬಹುದಿತ್ತು. ಅವರು ಇಟ್ಟದ್ದು "ಕಗ್ಗ", ಅಂದರೆ ಸುಮ್ಮನೆ ಹರಟೆ. ಹೇಳುವವನು ಯಾರು? "ಮಂಕುತಿಮ್ಮ", ಅಂದರೆ ಪೆದ್ದ. ದೊಡ್ಡ ಮಾತು ಹೇಳುವಾಗ ತಾನು ದೊಡ್ಡವನಾಗಿ ಬಿಡಬಾರದೆಂಬ ಎಚ್ಚರ ಆ ಹೆಸರಿನಲ್ಲೇ ಇದೆ. ನಗುವುದು, ನಗಿಸುವುದು ಧರ್ಮವೇ ಎಂಬ ಭಾವವೂ ಆ ಗ್ರಂಥದ ಒಂದು ಪದ್ಯದಲ್ಲಿ ಬರುತ್ತದೆ.

ಈ ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ಒಂದೇ ಬೀದಿಯಲ್ಲಿ ಕೇಳಿಸುತ್ತವೆ. ಮುಸಲ್ಮಾನರಲ್ಲಿ ಮುಲ್ಲಾ ನಸ್ರುದ್ದೀನನ ಕಥೆಗಳು ಪ್ರಸಿದ್ಧ. ಮನೆಯೊಳಗೆ ಕತ್ತಲಲ್ಲಿ ಬೀಗದ ಕೈ ಕಳೆದುಕೊಂಡ ಮುಲ್ಲಾ ಅದನ್ನು ಬೀದಿಯಲ್ಲಿ ಹುಡುಕುತ್ತಿದ್ದನಂತೆ. ಯಾಕೆ ಎಂದರೆ, "ಇಲ್ಲಿ ಬೆಳಕಿದೆ!" ಅಂದನಂತೆ. ಒಳಗೆ ಕಳೆದುಕೊಂಡ ನೆಮ್ಮದಿಯನ್ನು ಹೊರಗೆಲ್ಲ ಹುಡುಕುವವರಿಗೆ ಇದಕ್ಕಿಂತ ದೊಡ್ಡ ಪಾಠ ಬೇಕೆ? ಮುಲ್ಲಾ ಇನ್ನೊಬ್ಬರನ್ನು ಪೆದ್ದನೆಂದು ತೋರಿಸುವ ಬದಲು ತಾನೇ ಪೆದ್ದನಾಗಿ ನಿಲ್ಲುತ್ತಾನೆ. ಮಂಕುತಿಮ್ಮನೂ ಅಷ್ಟೇ.

ಸುಡುವ ನಗೆ

ಹಾಗೆಂದು ನಕ್ಕದ್ದೆಲ್ಲ ಪುಣ್ಯವಲ್ಲ. ಪುರಾಣಗಳೇ ಈ ಎಚ್ಚರಿಕೆ ಕೊಡುತ್ತವೆ. ಕುರುಡುಮಲೆಯ ದೊಡ್ಡ ಗಣಪನ ಮುಂದೆ ನಿಂತವರಿಗೆ ಚೌತಿಯ ಚಂದ್ರನ ಕಥೆ ನೆನಪಾಗದೆ ಇರದು. ಹೊಟ್ಟೆ ತುಂಬ ಕಡುಬು ತಿಂದ ಗಣಪ ಇಲಿಯ ಮೇಲಿಂದ ಬಿದ್ದ. ಚಂದ್ರ ತನ್ನ ಚೆಲುವಿನ ಜಂಬದಲ್ಲಿ ಮೇಲಿನಿಂದ ನೋಡಿ ನಕ್ಕ, ಶಾಪಕ್ಕೆ ಗುರಿಯಾದ. ಬಿದ್ದವನನ್ನು ಎತ್ತದೆ, ಅವನ ಮೈಯನ್ನು ನೋಡಿ ನಕ್ಕದ್ದು ಅವನ ತಪ್ಪು.

ಮಯಸಭೆಯಲ್ಲಿ ನೀರನ್ನು ನೆಲವೆಂದು ತಿಳಿದು ಕಾಲಿಟ್ಟು ದುರ್ಯೋಧನ ಬಿದ್ದಾಗ ಭೀಮ ನಕ್ಕ, ದ್ರೌಪದಿಯೂ ನಕ್ಕಳು ಎಂದು ಕೇಳಿಕೆಯಲ್ಲಿ ಆಡುತ್ತಾರೆ. ಆ ನಗೆ ದುರ್ಯೋಧನನ ಎದೆಯಲ್ಲಿ ಕೆಂಡವಾಗಿ ಉಳಿಯಿತು. ಅವನು ಮಾಡಿದ್ದು ಅಧರ್ಮ, ಅದಕ್ಕೆ ಕ್ಷಮೆಯಿಲ್ಲ. ಆದರೆ ಆ ಕೆಂಡಕ್ಕೆ ಗಾಳಿ ಹಾಕಿದ್ದು ಒಂದು ನಗೆ ಎಂಬುದನ್ನು ಮರೆಯಬಾರದು. ಈ ಸೀಮೆಯ ಹಲವು ಊರುಗಳಲ್ಲಿ ದ್ರೌಪದಮ್ಮನ ಕರಗ ನಡೆಯುತ್ತದೆ. ಹೂವಿನ ಕರಗ ಹೊತ್ತವನು ಬೆಂಕಿಯಂಥ ಶ್ರದ್ಧೆಯಲ್ಲಿ ನಡೆಯುವಾಗ, ಒಂದು ನಗೆಯಿಂದ ಎಷ್ಟು ಮನೆ ಉರಿಯಿತು ಎಂಬುದನ್ನೂ ನೋಡುವವರು ನೆನೆಯಬಹುದು.

ಹಾಗಾದರೆ ಗುರುತು ಯಾವುದು? ನಗೆ ಎತ್ತ ಬೀಳುತ್ತದೆ ಎಂಬುದೇ ಗುರುತು. ತನ್ನ ಅಹಂಕಾರದ ಮೇಲೆ ಬಿದ್ದ ನಗೆ ವಿಭೂತಿ. ಇನ್ನೊಬ್ಬರ ಕುಂದಿನ ಮೇಲೆ ಬಿದ್ದ ನಗೆ ಬೆಂಕಿ. ಬಲವುಳ್ಳವನ ಜಂಬವನ್ನು ತೋರಿಸುವ ನಗೆ ನ್ಯಾಯದ ನಗೆ. ಕುಂಟನ ನಡಿಗೆ, ಹಳ್ಳಿಯವರ ಮಾತು, ಬಡವರ ಬಟ್ಟೆ, ಬೇರೆ ಭಾಷೆಯವರ ಉಚ್ಚಾರ, ಬೇರೆ ಮತದವರ ಪೂಜೆ ನೋಡಿ ನಕ್ಕರೆ ಹತ್ತಿದ ಬೆಟ್ಟ ಇಳಿದಂತೆಯೇ.

ದುಃಖದಲ್ಲಿ ನಗಬಹುದೇ?

ಬೆಟ್ಟಕ್ಕೆ ಬರುವವರೆಲ್ಲ ಸಂತೋಷದಲ್ಲಿ ಬರುವುದಿಲ್ಲ. ಕಾಯಿಲೆ ಬಿದ್ದ ಮಗುವಿನ ಹರಕೆ, ನಿಂತುಹೋದ ಮದುವೆ, ಮಳೆಯಿಲ್ಲದ ಹೊಲ, ಬತ್ತಿದ ಬೋರ್‌ವೆಲ್, ಹೀಗೆ ಒಬ್ಬೊಬ್ಬರ ಮಡಿಲಲ್ಲಿ ಒಂದೊಂದು ಗಂಟು. ನೂರು ವರ್ಷಕ್ಕೂ ಹೆಚ್ಚು ಕಾಲ ನಡೆದ ಕೆಜಿಎಫ್ ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ಎಷ್ಟೋ ಮನೆಯವರು ನಸುಕಿನಲ್ಲೇ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ, ಕೆಲಸಕ್ಕೆ ಓಡಾಡುವಂತಾಯಿತು. ಇಂಥವರಿಗೆ ನಗಿ ಎಂದು ಹೇಳುವುದು ಸರಿಯೇ?

ನಗಿ ಎಂದು ಯಾರೂ ಯಾರಿಗೂ ಅಪ್ಪಣೆ ಮಾಡಬಾರದು. ಅಳುವವರ ಮುಂದೆ ಚಟಾಕಿ ಹಾರಿಸುವುದು ಹಾಸ್ಯವಲ್ಲ, ಕಿವುಡುತನ. ಅಳುವವರ ಜೊತೆ ಮೊದಲು ಕೂರಬೇಕು. ಆದರೆ ದುಃಖದ ನಡುವೆ ತಾನಾಗಿ ಬಂದ ನಗೆಯನ್ನು ಪಾಪವೆಂದು ಅದುಮಿಡಬೇಕಿಲ್ಲ. ಮಗುವಿನ ಕಾಯಿಲೆಗೆಂದು ಹರಕೆ ಹೊತ್ತು ಬಂದ ತಾಯಿ, ಮೆಟ್ಟಿಲ ಮೇಲೆ ಕೋತಿ ತೆಂಗಿನಕಾಯಿ ಕಿತ್ತುಕೊಂಡು ಓಡಿದಾಗ ನಕ್ಕರೆ ಅವಳ ಹರಕೆ ಕೆಡುವುದಿಲ್ಲ. ಹೊತ್ತ ಭಾರವನ್ನು ಒಂದು ಗಳಿಗೆ ಸುಮೈತಾಂಗಿ ಕಲ್ಲಿನ ಮೇಲೆ ಇಳಿಸಿದಂತೆ ಅದು. ಭಾರ ಹಾಗೇ ಇದೆ. ಹೊರುವ ಭುಜಕ್ಕೆ ಮಾತ್ರ ಸ್ವಲ್ಪ ಬಲ ಬಂದಿದೆ. ಆ ಗಳಿಗೆಯನ್ನು ಕೊಟ್ಟವನೂ ದೇವರೇ.

ಯಾತ್ರಿಕರ ಮನನಕ್ಕೆ

1. ಸನ್ನಿಧಿಯಲ್ಲಿ ಮಕ್ಕಳು ನಕ್ಕರೆ ದೇವರ ಹೆಸರಿನಲ್ಲಿ ಹೆದರಿಸಬೇಡಿ. ಬೆಣ್ಣೆ ಕದ್ದ ಕೃಷ್ಣನ ಕಥೆ ಹೇಳಿ, ಜೊತೆಗೆ ನಗಿ. ಇತರರ ಪ್ರಾರ್ಥನೆಗೆ ತೊಂದರೆ ಆಗದಂತೆ ಮೆಲ್ಲಗೆ ಇರಲು ಕಲಿಸಿ.

2. ಬೆಟ್ಟ ಹತ್ತುವಾಗ ಸುಸ್ತಾಗಿ ಕೂತವರನ್ನು ನೋಡಿ ನಗಬೇಡಿ. ಅವರ ಪಕ್ಕದಲ್ಲಿ ಕೂತು, ನಿಮ್ಮ ಸುಸ್ತಿನ ಬಗ್ಗೆ ನೀವೇ ಹೇಳಿಕೊಂಡು ನಗಿ. ಅವರೂ ನಗುತ್ತಾರೆ, ಇಬ್ಬರೂ ಏಳುತ್ತೀರಿ.

3. ಯಾರನ್ನಾದರೂ ನಗಿಸುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಯಾರ ಬಗ್ಗೆ ಈ ಮಾತೋ ಅವರು ಎದುರಿಗಿದ್ದರೆ ಅವರೂ ನಗುತ್ತಿದ್ದರೇ?

4. ದಿನಕ್ಕೆ ಒಂದು ಸಲವಾದರೂ ತನ್ನ ಜಂಬ, ತನ್ನ ಸಿಟ್ಟು, ತನ್ನ ಅವಸರ ನೆನೆದು ನಗುವ ಅಭ್ಯಾಸ ಮಾಡಿ. ಇದಕ್ಕೆ ಖರ್ಚಿಲ್ಲ, ಮಡಿಮೈಲಿಗೆ ಇಲ್ಲ, ಮುಹೂರ್ತ ಬೇಕಿಲ್ಲ.

ಪೂಜೆ ಮುಗಿದ ಮೇಲೆ ಹಣೆಗೆ ವಿಭೂತಿ ಇಟ್ಟುಕೊಳ್ಳುವುದು ವಾಡಿಕೆ. ಎಲ್ಲವೂ ಉರಿದ ಮೇಲೆ ಉಳಿಯುವುದು ಬೂದಿ, ಬೂದಿಯನ್ನು ಮತ್ತೆ ಸುಡುವುದಕ್ಕೆ ಆಗುವುದಿಲ್ಲ. ತನ್ನ ಬಗ್ಗೆ ತಾನೇ ನಗಲು ಕಲಿತವನೂ ಹಾಗೆಯೇ. ಅವನನ್ನು ಇನ್ನೊಬ್ಬರ ಕುಹಕ ಸುಡಲಾರದು, ಹೊಗಳಿಕೆ ಉಬ್ಬಿಸಲಾರದು. ವಿಭೂತಿಯ ಜೊತೆಗೆ ಆ ಬಿಳಿಯ ನಗೆಯೂ ಭಕ್ತಾದಿಗಳೆಲ್ಲರ ಮುಖದಲ್ಲಿ ಉಳಿಯಲಿ. ಎಲ್ಲರಿಗೂ ಶುಭವಾಗಲಿ.